ದೊರೆಸಾನಿಯವರ ಮೂರು ಹೊತ್ತಿನ ಸೇವೆಯ ಬಗ್ಗೆ ಒಂದು ದೂರು

ಗೆ,
ಶ್ರೀಮತಿ ದೊರೆಸಾನಿಯವರು,
ಬೆಕ್ಕು, ವಯಸ್ಸು ಹನ್ನೆರಡು ಮೀರಿದ್ದು,
ಕಲ್ಲು ಕೆತ್ತುವ ಶೆಡ್ಡಿನ ಮೂಲೆ, ಮಡಿಸಿದ ಗೋಣಿಚೀಲದ ಮೇಲೆ,
ಶಿವಾರಪಟ್ಟಣ, ಮಾಲೂರು ತಾಲ್ಲೂಕು.

ಮಾನ್ಯರೇ,

ತಾವು ಕ್ಷೇಮವೇ ಎಂದು ವಾಡಿಕೆಯಂತೆ ಮೊದಲು ಕೇಳಬೇಕಾಗಿತ್ತು. ಆದರೆ ಈ ದಿನ ಬೆಳಿಗ್ಗೆ ಆರಕ್ಕೆ ಸರಿಯಾಗಿ ತಮ್ಮ ಕ್ಷೇಮವನ್ನು ನನ್ನ ಎರಡು ಕೈಗಳಿಂದಲೇ ಒತ್ತಿ ನೋಡಿ, ಬಕೆಟ್ಟಿನ ಮೇಲೆ ಹಿಡಿದು, ಬಿಸಿನೀರಿನ ಬಟ್ಟೆಯಿಂದ ಒರೆಸಿ ಖಚಿತಪಡಿಸಿಕೊಂಡಿರುವ ಕಾರಣ ಆ ಪ್ರಶ್ನೆಯನ್ನು ಕೈಬಿಟ್ಟಿದ್ದೇನೆ. ನನ್ನ ಕ್ಷೇಮದ ಬಗ್ಗೆ ತಾವು ಎಂದೂ ವಿಚಾರಿಸಿದವರಲ್ಲ. ಖಾಸಗಿಯಾಗಿ ದೂರು ಹೇಳಿದಾಗಲೆಲ್ಲ ತಾವು ಕಿವಿಯನ್ನು ಹಿಂದಕ್ಕೆ ಮಡಿಸಿ ಗೋಡೆಯ ಕಡೆಗೆ ತಿರುಗಿಕೊಂಡದ್ದರಿಂದ, ಈ ಪತ್ರವನ್ನು ಬಹಿರಂಗವಾಗಿ ಬರೆದು ಶೆಡ್ಡಿನ ಬಾಗಿಲಿಗೆ ಅಂಟಿಸಲು ನಿರ್ಧರಿಸಿದ್ದೇನೆ. ವಿಗ್ರಹ ಕೊಳ್ಳಲು ಬರುವ ಭಕ್ತರೂ ಓದಿಕೊಳ್ಳಲಿ.

ಈ ಮನೆಗೆ ತಾವು ಕಣ್ಣು ಬಿಡದ ಮರಿಯಾಗಿ ಬಂದಾಗಿನಿಂದ ನಮ್ಮಿಬ್ಬರ ನಡುವೆ ಒಂದು ಗೌರವಯುತ ಒಪ್ಪಂದವಿತ್ತು. ಹಾಲು ಹಾಕುವುದು, ಮೈ ಸವರುವುದು, ತಪ್ಪಿಗೆ ಗದರುವುದು ಎಲ್ಲ ನನ್ನ ಹೆಂಡತಿ ತ್ರಿವೇಣಿಯ ಖಾತೆ. ನಾನು ತಮ್ಮನ್ನು ಮುಟ್ಟತಕ್ಕದ್ದಲ್ಲ, ತಾವು ನನ್ನ ಕಲ್ಲುಗಳನ್ನು ಮುಟ್ಟತಕ್ಕದ್ದಲ್ಲ. ಹನ್ನೆರಡು ವರ್ಷ ಈ ವ್ಯವಸ್ಥೆ ನಿರಾತಂಕವಾಗಿ ನಡೆಯಿತು. ಹೋದ ಸಂಕ್ರಾಂತಿ ಕಳೆದ ವಾರದಲ್ಲಿ ಶ್ರೀನಿವಾಸಪುರದ ಕಡೆಯವರು ಆಂಜನೇಯನ ವಿಗ್ರಹ ಒಯ್ಯಲು ಟೆಂಪೊ ತಂದರು. ಇಷ್ಟು ದೊಡ್ಡ ಊರಿನಲ್ಲಿ ಬಿಸಿಲು ಕಾಯಿಸಿಕೊಳ್ಳಲು ಬೇರೆಲ್ಲೂ ಜಾಗ ಸಿಗದವರಂತೆ ತಾವು ಅದರ ಹಿಂದಿನ ಚಕ್ರಕ್ಕೆ ಒರಗಿ ಮಲಗಿದಿರಿ. ಗಾಡಿ ಹಿಂದಕ್ಕೆ ಬಂತು, ಚಕ್ರ ಬಾಲದ ಮೇಲೆ ಹತ್ತಿತು, ತಾವು ಪ್ರಾಣಭಯದಿಂದ ಮುಂದಕ್ಕೆ ಜಗ್ಗಿದಿರಿ. ಜೀವ ಉಳಿಯಿತು. ಬಾಲದ ಬುಡದ ನರಗಳು ಮಾತ್ರ ಉಳಿಯಲಿಲ್ಲ. ಅಂದಿನಿಂದ ತಮ್ಮ ಬಾಲ ಹಗ್ಗದಂತೆ ಜೋತುಬಿದ್ದಿದೆ, ಎಡಗಾಲು ಎಳೆಯುತ್ತದೆ, ಮೂತ್ರಕೋಶ ತುಂಬಿದ್ದು ತಮಗೇ ತಿಳಿಯುವುದಿಲ್ಲ. ತುಂಬಿ ತುಳುಕಿದ್ದು ಮಾತ್ರ ನಮಗೆಲ್ಲರಿಗೂ ತಿಳಿಯುತ್ತದೆ.

ಮೊದಲ ಹದಿನೈದು ದಿನ ತ್ರಿವೇಣಿಯೇ ದಿನಕ್ಕೆ ಮೂರು ಹೊತ್ತು ತಮ್ಮ ಹೊಟ್ಟೆ ಒತ್ತಿ ಮೂತ್ರ ತೆಗೆದಳು. ಅಷ್ಟರಲ್ಲಿ ಮುಳಬಾಗಿಲಿನಿಂದ ಅಳಿಯ ಅನಿಲ್‌ಕುಮಾರನ ಫೋನು ಬಂತು. ನಮ್ಮ ಮಗಳು ಚಂದನಳಿಗೆ ಎಂಟನೆಯ ತಿಂಗಳು, ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡಿ ಎಂದಿದ್ದಾರೆ, ತವರಿಗೆ ಪ್ರಯಾಣ ಮಾಡುವಂತಿಲ್ಲ, ಆದ್ದರಿಂದ ಅತ್ತೆಯವರೇ ಬರಬೇಕು ಎಂದು. ತ್ರಿವೇಣಿ ಆ ಮಧ್ಯಾಹ್ನವೇ ಬಟ್ಟೆ ತುಂಬಿಕೊಂಡು ಹೊರಟಳು. ಬಾಗಿಲಲ್ಲಿ ನಿಂತು, ನನ್ನ ಮುಖದ ಮೇಲಿನ ಅಸಹ್ಯವನ್ನು ನೋಡಿ, "ಏನೂಂದ್ರೆ, ಕಲ್ಲಲ್ಲಿ ದೇವ್ರ ಕಣ್ಣು ಬಿಡಿಸೋ ಕೈ ನಿಮ್ದು. ಒಂದು ಬೆಕ್ಕಿನ ಉಚ್ಚೆ ತೆಗೆಯೋಕಾಗಲ್ವಾ?" ಎಂದು ಕೇಳಿದಳು. ನಾನು ಅವಳ ಚೀಲವನ್ನು ಬಸ್ಸಿಗೆ ಏರಿಸಿ ಬಂದೆ.

ಮೊದಲ ದಿನದ ತಮ್ಮ ಸಹಕಾರವನ್ನು ನಾನು ಮರೆಯುವಂತಿಲ್ಲ, ಏಕೆಂದರೆ ಗುರುತುಗಳು ಮೊಣಕೈಯವರೆಗೆ ಇನ್ನೂ ಇವೆ. ಬೆಳಿಗ್ಗೆ ಒತ್ತಿದೆ, ಒಂದು ಹನಿಯೂ ಬರಲಿಲ್ಲ. ಮಧ್ಯಾಹ್ನ ಒತ್ತಿದೆ, ತಾವು ಪರಚಿದಿರಿ. ಸಂಜೆಯ ಹೊತ್ತಿಗೆ ತಮ್ಮ ಹೊಟ್ಟೆ ಕಲ್ಲಿನಂತೆ ಬಿಗಿದಿತ್ತು. ತಾವು ಅನ್ನವನ್ನು ಮೂಸದೆ, ಪರಚದೆ, ಸುಮ್ಮನೆ ಬಿದ್ದಿದ್ದಿರಿ. ಪರಚದೆ ಇದ್ದದ್ದೇ ನನಗೆ ಭಯ ಹುಟ್ಟಿಸಿತು. ತರಕಾರಿಯ ಬ್ಯಾಗಿನಲ್ಲಿ ತಮ್ಮನ್ನು ಕೂರಿಸಿ, ಬೈಕಿನ ಟ್ಯಾಂಕಿನ ಮೇಲಿಟ್ಟುಕೊಂಡು ಮಾಲೂರಿಗೆ ಓಡಿದೆ. ಪಶುವೈದ್ಯೆ ಮುನಿಲಕ್ಷ್ಮಿಯವರು ಮನೆಗೆ ಹೊರಟಿದ್ದವರು ತಿರುಗಿ ಒಳಗೆ ಬಂದು, ಎರಡೇ ನಿಮಿಷದಲ್ಲಿ ತಮ್ಮನ್ನು ಹಗುರ ಮಾಡಿದರು. ಆಮೇಲೆ ನನ್ನ ಕೈಯನ್ನು ಹಿಡಿದು ತಮ್ಮ ಹೊಟ್ಟೆಯ ಕೆಳಗಿಟ್ಟು ಪಾಠ ಹೇಳಿದರು.

"ಸುತ್ತಿಗೆ ಹಿಡಿದಂಗೆ ಹಿಡೀಬೇಡಿ ಸಾರ್. ಟೊಮೆಟೊ ಹಣ್ಣಾಗಿದ್ಯಾ ಅಂತ ಮುಟ್ಟಿ ನೋಡ್ತೀರಲ್ಲ, ಅಷ್ಟೇ ಒತ್ತಬೇಕು. ಬಿಡಬಾರದು, ಜಾಸ್ತಿನೂ ಮಾಡಬಾರದು. ಅದೇ ಬರುತ್ತೆ."

ಬಂತು. ಸ್ವಲ್ಪವೇ, ಆದರೆ ನನ್ನ ಕೈಯಿಂದ ಬಂತು. ಮೂವತ್ತು ವರ್ಷದಿಂದ ವಿಗ್ರಹ ಕೆತ್ತುತ್ತಿರುವ ನಾನು ಆ ಸ್ಟೀಲ್ ಟ್ರೇಯನ್ನು ನೋಡಿದ ಹೆಮ್ಮೆಯಲ್ಲಿ ನನ್ನ ಯಾವ ಕೆಲಸವನ್ನೂ ನೋಡಿರಲಿಕ್ಕಿಲ್ಲ.

ಹೊರಡುವಾಗ ಡಾಕ್ಟರಮ್ಮ ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಹೇಳಿದರು. ಒಂದು ದಿನ ತಪ್ಪಿದರೂ ಕಿಡ್ನಿಗೆ ಹೊಡೆತ, ವಯಸ್ಸೂ ಆಗಿದೆ, ಇದು ತಿಂಗಳುಗಟ್ಟಲೆಯ ಕೆಲಸ, ಬದುಕಿರುವವರೆಗಿನ ಕೆಲಸವೂ ಆಗಬಹುದು. "ನಿಮ್ ಕೈಲಿ ಆಗಲ್ಲ ಅಂದ್ರೆ ತಪ್ಪೇನಿಲ್ಲ, ಹೇಳಿ. ನೋವಿಲ್ದಂಗೆ ಕಳಿಸೋಕೂ ಇಂಜೆಕ್ಷನ್ ಇದೆ." ನಾನು, "ಮನೆಯವ್ರನ್ನ ಕೇಳಿ ಹೇಳ್ತೀನಿ ಮೇಡಂ," ಎಂದೆ. ಮನೆಯವರನ್ನು ಕೇಳಲಿಲ್ಲ. ಮೇಡಂಗೆ ಹೇಳಲೂ ಇಲ್ಲ. ಈ ಲೋಪಕ್ಕೆ ತಾವು ಯಾವ ಅರ್ಥವನ್ನೂ ಕಲ್ಪಿಸಕೂಡದು. ಅಂದು ಮಾಲೂರಿನಿಂದ ಬರುವ ದಾರಿಯಲ್ಲಿ ತಾವು ಬ್ಯಾಗಿನಿಂದ ತಲೆ ಹೊರಹಾಕಿ ನನ್ನ ಅಂಗಿಯ ಗುಂಡಿಗೆ ಗಲ್ಲ ಉಜ್ಜಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ.

ಆಮೇಲಿನ ಮೂರು ತಿಂಗಳ ತಮ್ಮ ಆಡಳಿತವನ್ನು ಎಷ್ಟು ಹೊಗಳಿದರೂ ಸಾಲದು. ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಎಂಟು. ದೇವಸ್ಥಾನದ ಪೂಜೆ ಬೇಕಾದರೆ ಹಿಂದೆ ಮುಂದೆ ಆದೀತು, ತಮ್ಮ ಸೇವೆ ಆಗುವಂತಿಲ್ಲ. ನನ್ನ ಹಳೆಯ ಪಂಚೆಗಳೆಲ್ಲ ಹರಿದು ತಮ್ಮ ಒಡ್ಡೋಲಗದ ಹಾಸಾದವು. ಮೆಡಿಕಲ್ ಅಂಗಡಿಯಲ್ಲಿ ಅತಿ ಚಿಕ್ಕ ಸೈಜಿನ ಡೈಪರ್ ಕೇಳಿದರೆ ಅಂಗಡಿಯವರು, "ಮೊಮ್ಮಗು ಬಂತಾ ಸಾರ್?" ಎಂದರು, ಇನ್ನೂ ಇಲ್ಲ ಎಂದು ಹೇಳಿ, ಹಾಗಾದರೆ ಯಾರಿಗೆಂದು ಕೇಳುವ ಮೊದಲೇ ಚಿಲ್ಲರೆ ಬಿಟ್ಟು ಬಂದೆ. ಬಾಲಕ್ಕೆ ತೂತು ಕತ್ತರಿಸುವುದನ್ನು ಎರಡು ಹಾಳು ಮಾಡಿ ಮೂರನೆಯದರಲ್ಲಿ ಕಲಿತೆ. ಒದ್ದೆಯಿಂದ ತೊಡೆಯ ಸಂದಿ ಕೆಂಪಾದಾಗ ಒರೆಸಿ, ಆರಿಸಿ, ಮುಲಾಮು ಹಚ್ಚಿ, ಅದನ್ನು ತಾವು ನೆಕ್ಕದಂತೆ ಕಾಲು ಗಂಟೆ ತಮ್ಮ ಗದ್ದ ಹಿಡಿದು ಕುಳಿತಿದ್ದೇನೆ. ಪಕ್ಕದ ಶೆಡ್ಡಿನ ಗಂಗುಲಪ್ಪ ಅದನ್ನು ನೋಡಿ ಊರೆಲ್ಲ ಕೇಳುವಂತೆ ಕೂಗಿದ: "ಏಮಯ್ಯಾ ಅಮರಣ್ಣ, ಮಗಳ ಬಾಣಂತನ ಹೆಂಡ್ತಿಗೆ ಬಿಟ್ಟು ಬೆಕ್ಕಿನ ಬಾಣಂತನ ನೀನ್ ಇಟ್ಕೊಂಡ್ಯಾ?" ತಾವು ಕಣ್ಣು ಮುಚ್ಚಿ ಗುರುಗುಟ್ಟುತ್ತಿದ್ದಿರಿ. ನನ್ನ ಪರವಾಗಿ ಒಂದು ಮಾತು ಆಡಲಿಲ್ಲ.

ಈಗ ದೂರಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಚಂದನಳಿಗೆ ಹೆಣ್ಣು ಮಗುವಾಗಿ, ಬೀಗರ ಮನೆಯಲ್ಲಿ ನಾಮಕರಣ ನಿಶ್ಚಯವಾಯಿತು. ಬೆಳಿಗ್ಗೆ ಹೋಗಿ ಸಂಜೆ ಬರುವ ಪ್ರಯಾಣ. ಮಧ್ಯಾಹ್ನದ ಒಂದು ಸೇವೆಯನ್ನು ಗಂಗುಲಪ್ಪನಿಗೆ ವಹಿಸೋಣವೆಂದು ಹಿಂದಿನ ದಿನ ಅವನನ್ನು ಕರೆದು ತೋರಿಸಿದೆ. ಅವನು ಕೈ ಇಟ್ಟ ಕೂಡಲೇ ತಾವು ಅವನ ಹೆಬ್ಬೆರಳಿಗೆ ಹಲ್ಲು ಊರಿದಿರಿ, ಒಂದು ಹನಿಯನ್ನೂ ಬಿಡಲಿಲ್ಲ. ನರವೇ ಸತ್ತಿರುವ ಜಾಗವನ್ನು ಒಬ್ಬರಿಗೆ ಬಿಗಿಹಿಡಿದು ಇನ್ನೊಬ್ಬರಿಗೆ ಸಡಿಲಿಸುವುದು ಹೇಗೆ ಸಾಧ್ಯ ಎಂದು ಡಾಕ್ಟರಮ್ಮನನ್ನು ಕೇಳಿದರೆ ಅವರು ನಕ್ಕುಬಿಟ್ಟರು. ಹೀಗಾಗಿ ಮೊಮ್ಮಗಳ ನಾಮಕರಣಕ್ಕೆ ನಾನು ಅದೇ ತರಕಾರಿ ಬ್ಯಾಗಿನಲ್ಲಿ ತಮ್ಮನ್ನು ಹೊತ್ತುಕೊಂಡು, ಕೋಲಾರದಲ್ಲಿ ಬಸ್ಸು ಬದಲಿಸಿ, ಮುಳಬಾಗಿಲಿಗೆ ಹೋಗಬೇಕಾಯಿತು. ಕಂಡಕ್ಟರು ಬ್ಯಾಗಿನಲ್ಲಿ ಏನೆಂದು ಕೇಳಿದ. "ಮಗೀಗೆ ಉಡುಗೊರೆ," ಎಂದೆ. ಉಡುಗೊರೆ ಮಿಯಾಂವ್ ಎಂದಿತು. ಅವನು ನನಗೊಬ್ಬನಿಗೇ ಟಿಕೆಟ್ ಹರಿದುಕೊಟ್ಟು ಮುಂದಿನ ಸೀಟಿಗೆ ಹೋದ. ಅಂಥ ಸಹೃದಯತೆಯನ್ನು ತಾವೂ ರೂಢಿಸಿಕೊಳ್ಳಬೇಕೆಂದು ಪ್ರಾರ್ಥನೆ.

ಬೀಗರ ಮನೆಯಲ್ಲಿ ತಮ್ಮನ್ನು ಯಾರಿಗೂ ಕಾಣದಂತೆ ಒಳಕೋಣೆಯ ಬೆಂಚಿನ ಮೇಲೆ ಇಟ್ಟು, ಡೈಪರ್ ಸರಿಪಡಿಸಿ ಬಂದೆ. ಆ ಬೆಂಚಿನ ಕೆಳಗೇ ಮಗುವಿನ ಹೊಸ ಬಟ್ಟೆ, ಬೀಗಿತ್ತಿ ಆಂಜಿನಮ್ಮನವರಿಗೆ ಹೆಸರಿಡುವಾಗ ಉಡಲೆಂದು ನಾವು ತಂದ ರೇಷ್ಮೆ ಸೀರೆ, ಎಲೆ ಅಡಿಕೆ ಇದ್ದ ತಟ್ಟೆಗಳು ಇದ್ದವೆಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ. ತಮ್ಮ ಗಮನಕ್ಕೆ ಬಂದಿತ್ತೆಂದು ನನ್ನ ಬಲವಾದ ಗುಮಾನಿ. ಪುರೋಹಿತರು ತಟ್ಟೆ ತನ್ನಿ ಎಂದಾಗ ಆಂಜಿನಮ್ಮನವರೇ ಒಳಗೆ ಹೋದರು. "ಯಾರಮ್ಮಾ ಇದು, ತಟ್ಟೇಲಿ ನೀರು ಚೆಲ್ಲಿರೋದು?" ಎಂದರು. ಆಮೇಲೆ ಮೂಸಿ ನೋಡಿದರು. ಆಮೇಲೆ ತಲೆ ಎತ್ತಿದರು. ಡೈಪರ್ ಜಾರಿ ತೊಟ್ಟಿಕ್ಕುತ್ತಿದ್ದ ಬ್ಯಾಗಿನಿಂದ ತಾವು ಅವರನ್ನೇ ಶಾಂತವಾಗಿ ನೋಡುತ್ತಿದ್ದಿರಂತೆ.

ಸುದ್ದಿ ಹಜಾರಕ್ಕೆ ಬಂತು. ಬೀಗರು ವೆಂಕಟರಮಣಪ್ಪನವರು ಚಾವಣಿಯನ್ನು ನೋಡಿದರು. ತ್ರಿವೇಣಿ ನನ್ನನ್ನು ನೋಡಿದಳು. ನಾನು ಹೆಗಲ ಟವೆಲ್ಲಿನಿಂದ ಬೆಂಚು ಒರೆಸಿ, ಎಲ್ಲರ ಕ್ಷಮೆ ಕೇಳಿ, ತಮ್ಮನ್ನು ಎತ್ತಿಕೊಂಡು ಹಿತ್ತಲಿಗೆ ಹೋದೆ. ಅಲ್ಲಿ ಕುಳಿತು ಉಳಿದದ್ದನ್ನು ಒತ್ತಿ ತೆಗೆಯುತ್ತಾ, ಇನ್ನು ಈ ಮನೆಯಲ್ಲಿ ಮುಖ ಎತ್ತಿ ಊಟ ಮಾಡುವುದು ಹೇಗೆಂದು ಯೋಚಿಸುತ್ತಿದ್ದೆ.

ಕೈ ತೊಳೆದು ಒಳಗೆ ಬರುವಾಗ ಗದ್ದಲ. ಹೆಸರಿಡುವ ಹೊತ್ತಿಗೆ ಸರಿಯಾಗಿ ಮಗು ತನ್ನ ಬಟ್ಟೆಯನ್ನೂ ಅಪ್ಪನ ಪಂಚೆಯನ್ನೂ ಒಟ್ಟಿಗೆ ಹಾಳು ಮಾಡಿತ್ತು. ಅನಿಲ್‌ಕುಮಾರ್ ಅದನ್ನು ಪಟಾಕಿ ಹಿಡಿದಂತೆ ಎರಡು ಮೊಳ ದೂರಕ್ಕೆ ಹಿಡಿದು "ಅಮ್ಮಾ! ಅತ್ತೇ!" ಎಂದು ಕೂಗುತ್ತಿದ್ದ. ತ್ರಿವೇಣಿ ಬೀಗಿತ್ತಿಗೆ ಬೇರೆ ಸೀರೆ ಹುಡುಕಲು ಹೋಗಿದ್ದಳು. ನಾನು ಏನನ್ನೂ ಯೋಚಿಸಲಿಲ್ಲ. ಕೈಗಳೇ ಮುಂದೆ ಹೋದವು. ಮಗುವನ್ನು ತೆಗೆದುಕೊಂಡು ಚಾಪೆಯ ಮೇಲೆ ಮಲಗಿಸಿ, ಎರಡು ಪಾದಗಳನ್ನೂ ಒಂದೇ ಕೈಯಲ್ಲಿ ಎತ್ತಿ, ಬಿಸಿನೀರಿನ ಬಟ್ಟೆ ಕೇಳಿ ಒರೆಸಿ, ಸಂದಿಗಳನ್ನು ಆರಿಸಿ, ಒಣ ಬಟ್ಟೆ ಕಟ್ಟಿ ಭುಜಕ್ಕೆ ಹಾಕಿಕೊಂಡೆ. ಮಗು ಬಿಕ್ಕುವುದನ್ನು ನಿಲ್ಲಿಸಿತು. ಬಾಲಕ್ಕೆ ತೂತು ಬೇಕಿಲ್ಲದ್ದರಿಂದ ಕೆಲಸ ಸುಲಭವೇ ಆಗಿತ್ತು.

ಆಂಜಿನಮ್ಮನವರು ಬೇರೆ ಸೀರೆ ಉಟ್ಟು ಬಂದು ಬಾಗಿಲಲ್ಲೇ ನಿಂತಿದ್ದರು. "ಅಯ್ಯೋ, ಗಂಡಸ್ರು ಇಷ್ಟು ನೀಟಾಗಿ ಮಾಡಿದ್ದು ನಾನ್ ನೋಡೇ ಇಲ್ಲ ಕಣಮ್ಮಾ," ಎಂದರು. ವೆಂಕಟರಮಣಪ್ಪನವರು ಚಾವಣಿಯಿಂದ ಕಣ್ಣು ಇಳಿಸಿದರು. ಆಗ ತೊಟ್ಟಿಲ ಪಕ್ಕ ಕುಳಿತಿದ್ದ ಚಂದನ ಕೇಳಿದಳು: "ಅಪ್ಪಾ, ನನ್ನೂ ಹಿಂಗೇ ನೋಡ್ಕೊಂಡಿದ್ಯಾ ನೀನು?"

ಮಾನ್ಯರೇ, ನಾನು ಸುಳ್ಳು ಹೇಳಬಹುದಿತ್ತು. ಅಷ್ಟರಲ್ಲಿ ತ್ರಿವೇಣಿ ಉತ್ತರ ಕೊಟ್ಟಾಗಿತ್ತು: "ಇವ್ರಾ? ನಿನ್ ಬಟ್ಟೆ ಒದ್ದೆ ಆದ್ರೆ ಟೀ ಅಂಗಡಿವರೆಗೂ ಓಡೋಗೋರು." ಎಲ್ಲರೂ ನಕ್ಕರು, ನಾನೂ ನಕ್ಕೆ. ನಿಜ ಅದೇ. ಅವಳು ಹುಟ್ಟಿದ ವರ್ಷ ನನಗೆ ಕೈತುಂಬ ಕೆಲಸವಿತ್ತು; ಮಗು ಒಣಗಿದ್ದಾಗ ಎತ್ತಿಕೊಂಡೆ, ಒದ್ದೆಯಾದ ಕೂಡಲೇ ಅವರಮ್ಮನ ಕೈಗೆ ಕೊಟ್ಟೆ, ಹಾಗೆಯೇ ಅವಳು ಬೆಳೆದುಬಿಟ್ಟಳು. ಚಂದನ ಮಾತ್ರ ನಗಲಿಲ್ಲ. ನನ್ನ ಕೈಗಳನ್ನೇ, ಅವುಗಳ ಮೇಲಿನ ತಮ್ಮ ಉಗುರಿನ ಗೀರುಗಳನ್ನೇ ನೋಡುತ್ತಿದ್ದಳು. ನಾನು, "ಇಲ್ಲ ಕಣಮ್ಮಾ, ನೋಡ್ಕೊಳ್ಳಿಲ್ಲ," ಎಂದೆ. ಅವಳು ಒಂದು ಮಡಿಸಿದ ಬಟ್ಟೆಯನ್ನು ನನ್ನ ಪಕ್ಕದಲ್ಲಿಟ್ಟಳು. "ಸರಿ, ಹಂಗಾದ್ರೆ ಇವಳ್ನ ಇಟ್ಕೊಂಡಿರು. ಇವಳು ಹುಟ್ಟಿದಾಗ್ಲಿಂದ ನಾನು ಬಿಸಿ ಊಟ ಮಾಡಿಲ್ಲ," ಎಂದು ಎದ್ದು ಹೋದಳು. ನಿಧಾನವಾಗಿ, ಎರಡು ಸಲ ಹೋಳಿಗೆ ಹಾಕಿಸಿಕೊಂಡು ಉಂಡಳು. ಅಷ್ಟು ಹೊತ್ತೂ ಮಗು ನನ್ನ ಭುಜದ ಮೇಲೆ ನಿದ್ದೆ ಮಾಡಿತು.

ಇದರ ಪರಿಣಾಮವಾಗಿ ಬರುವ ಸೋಮವಾರ ಚಂದನ ಮಗುವಿನೊಡನೆ ಎರಡು ತಿಂಗಳಿಗೆಂದು ಶಿವಾರಪಟ್ಟಣಕ್ಕೆ ಬರುತ್ತಿದ್ದಾಳೆ. "ಬಟ್ಟೆ ಬದಲಾಯ್ಸೋದು ಅಪ್ಪನ ಕೆಲಸ," ಎಂದು ಫೋನಿನಲ್ಲಿ ಷರತ್ತನ್ನೂ ಹಾಕಿದ್ದಾಳೆ. ತ್ರಿವೇಣಿ ನಾಮಕರಣ ಮುಗಿಸಿ ನನ್ನೊಡನೆಯೇ ಹಿಂದಿರುಗಿದ್ದಾಳೆ, ಆದರೆ ಈಗ ಅವಳ ಕೈಗೂ ತಾವು ಒಂದು ಹನಿಯನ್ನೂ ಬಿಡುತ್ತಿಲ್ಲ. ಇತ್ತ ಅರ್ಧ ಮುಗಿದ ಗಣಪತಿ ಸೊಂಡಿಲಿಗಾಗಿ ಕಾಯುತ್ತಿದ್ದಾನೆ. ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳು ಇಷ್ಟೇ: ಮಗುವಿನ ಸಮಯಕ್ಕೂ ತಮ್ಮ ಸಮಯಕ್ಕೂ ಘರ್ಷಣೆಯಾಗದಂತೆ ತಾವಿಬ್ಬರೂ ಮುಂಚಿತವಾಗಿ ಕುಳಿತು ಮಾತಾಡಿಕೊಳ್ಳುವುದು, ತ್ರಿವೇಣಿಯ ಕೈಗೂ ವಾರಕ್ಕೊಮ್ಮೆ ಮೂತ್ರ ದಯಪಾಲಿಸುವುದು, ಹಾಗೂ ಡಾಕ್ಟರಮ್ಮ ತಮ್ಮ ವಯಸ್ಸು, ಕಿಡ್ನಿಗಳ ಬಗ್ಗೆ ಹೇಳಿದ ಮಾತನ್ನು ತಾವು ಯಾವ ಕಾರಣಕ್ಕೂ ಗಂಭೀರವಾಗಿ ತೆಗೆದುಕೊಳ್ಳದೆ ಇರುವುದು. ಮೊದಲೆರಡನ್ನು ತಾವು ತಿರಸ್ಕರಿಸಿದರೂ ನನ್ನ ಆಕ್ಷೇಪಣೆ ಇಲ್ಲ.

ರಾತ್ರಿ ಎಂಟಕ್ಕೆ ಬಕೆಟ್ಟಿನೊಡನೆ ಹಾಜರಾಗುವ,
ತಮ್ಮ ವಿಶ್ವಾಸಿ,
ಅಮರನಾಥ್
ಶಿಲ್ಪಿ, ಶಿವಾರಪಟ್ಟಣ

ವಿ.ಸೂ.: ಈ ಪತ್ರವನ್ನು ಅಂಟಿಸುವ ಮುನ್ನ ಓದಿದ ತ್ರಿವೇಣಿ, "ಮೂವತ್ತು ವರ್ಷದಲ್ಲಿ ನಂಗೊಂದು ಸಾಲು ಬರೀಲಿಲ್ಲ, ಬೆಕ್ಕಿಗೆ ನಾಕು ಹಾಳೆ," ಎಂದಿದ್ದಾಳೆ. ಇದಕ್ಕೆ ಸಮಾಧಾನ ಹೇಳುವ ಹೊಣೆ ತಮ್ಮದೇ ಆಗಿರುತ್ತದೆ. ಸಾಧ್ಯವಾದರೆ ಅವಳ ಹಾಸಿಗೆಯಿಂದ ದೂರ ನಿಂತು ಹೇಳತಕ್ಕದ್ದು.