ಮೇಲ್ಸೇತುವೆಯ ಮೇಲೆ ಕುರಡಗಿ

ಸುಳ್ಳು ಹೇಳುವುದು ನನಗೆ ಬಾರದು ಎಂದರೆ ಅದೇ ಮೊದಲ ಸುಳ್ಳಾಗುತ್ತದೆ. ಅದಕ್ಕೇ ನೇರವಾಗಿ ಒಪ್ಪಿಕೊಂಡುಬಿಡುತ್ತೇನೆ. ಬಸವಕಲ್ಯಾಣದ ಡಾಕ್ಟರು ಕಲ್ಲಂಗಡಿ ಬಡಿದು ನೋಡುವಂತೆ ನನ್ನ ಹೊಟ್ಟೆ ಬಡಿದು, "ಎಣ್ಣ್ಯಾಗ ಕರಿದದ್ದು ಬಿಡ್ರಿ, ದಿನಾ ಸಂಜಿಗಿ ನಡೀರಿ" ಎಂದಾಗಿನಿಂದ ನಾನು ಸಂಜೆ ಬೂಟು ಕಟ್ಟಿಕೊಂಡು ಮನೆ ಬಿಡುತ್ತೇನೆ. ನಡೆಯುತ್ತೇನೆ ಕೂಡ, ಹುಮನಾಬಾದಿನ ಹಳೆಯ ಮೇಲ್ಸೇತುವೆಯ ಪಕ್ಕದ ಭಜಿ ಅಂಗಡಿಯವರೆಗೆ. ಅಲ್ಲಿಯ ಬೆಂಚಿನ ಮೇಲೆ ಕೂತು ಒಂದು ಪ್ಲೇಟು ಮಿರ್ಚಿ ಭಜಿ ಮುಗಿಸಿ, ಬೆವರು ಬಂದ ಮೇಲೆ ಮರಳುತ್ತೇನೆ. ಆ ಬೆವರು ನಡಿಗೆಯದೋ ಮೆಣಸಿನಕಾಯಿಯದೋ ಎಂದು ಹೆಂಡತಿ ಶಾಂತಾಬಾಯಿ ಎಂದೂ ಕೇಳಿರಲಿಲ್ಲ.

ಹೀಗೆ ಸುಖವಾಗಿದ್ದವನಿಗೆ ಆ ಸೇತುವೆಯೇ ಮುಳುವಾಯಿತು. ಹೊಸ ರಸ್ತೆ ಬಂದ ಮೇಲೆ ಕಲ್ಲಿಟ್ಟು ಮುಚ್ಚಿದ್ದ ಅದನ್ನು ಉದ್ಯಾನ ಮಾಡುತ್ತಾರಂತೆ ಎಂಬ ಸುದ್ದಿ ಬಂತು. "ಛಲೋ ಆತು ನೋಡ್ರಿ. ಇನ್ನ ಇಬ್ಬರೂ ಕೂಡೇ ನಡಿಯೂಣು" ಎಂದಳು ಶಾಂತಾಬಾಯಿ. ನನ್ನ ಭಜಿಯ ಕಾಲ ಮುಗಿಯಿತಲ್ಲ! ಸೇತುವೆಯಲ್ಲಿ ಏನಾದರೂ ಐಬು ಹುಡುಕಿ ಅವಳನ್ನು ಹೆದರಿಸಲೇಬೇಕಿತ್ತು. ಬಿರುಕು ಸಿಕ್ಕರೆ ಬಿರುಕು, ಇಲ್ಲದಿದ್ದರೆ ಹಾವು. ಹಾವಿನ ಉದ್ದ, ಬಣ್ಣ ಎಲ್ಲ ಮನೆಯಲ್ಲೇ ನಿಶ್ಚಯಿಸಿಕೊಂಡು, ಮರುದಿನ ಸಂಜೆ ಅಂಗಡಿಗೆ ಹೋಗದೆ ಆ ಕಲ್ಲುಗಳನ್ನು ಹತ್ತಿ ದಾಟಿದೆ. ಪ್ಯಾಂಟು ಎಲ್ಲಿ ಹರಿಯಿತೆಂದು ಹೇಳಲಾರೆ.

ಮೇಲೆ ಹಾವಿಲ್ಲ, ಬಿರುಕಿಲ್ಲ. ಡಾಂಬರಿನ ತುಂಬ ಹಳೆಯ ಸೀರೆಗಳು, ಸೀರೆಗಳ ತುಂಬ ಬಿಸಿಲಿಗೆ ಒಣಹಾಕಿದ ಗೋಧಿ ಸಂಡಿಗೆಯ ಕುರಡಗಿ, ಹಪ್ಪಳ. ನಮ್ಮ ಓಣಿಯ ಮಾಳಿಗೆಗಳಲ್ಲಿ ಮಂಗಗಳ ಕಾಟವೆಂದು ಹೆಂಗಸರೆಲ್ಲ ಆ ತುದಿಯ ಸಂದಿಯಿಂದ ಆರಾಮವಾಗಿ ಇಲ್ಲಿಗೆ ಬಂದಿದ್ದರು. ಕೋಲು ಹಿಡಿದು ಕಾಗೆ ಓಡಿಸುತ್ತಿದ್ದ ನೆರೆಮನೆಯ ನಾಗಮ್ಮ ಕೂಗಿದಳು: "ಏ ಸಾಹೇಬ್ರ, ಜರಾ ನೋಡಿ ಕಾಲಿಡ್ರಿ! ನೀವು ತುಳಿಯಾಕತ್ತಿದ್ದು ನಿಮ್ಮನಿ ಕುರಡಗಿನೇ ಅದ."

ಹಾರಿ ಹಿಂದೆ ಸರಿದವನು ಸೇತುವೆಯ ಕಟಕಟೆ ಹಿಡಿದುಕೊಂಡು ಕೆಳಗೆ ನೋಡಿದೆ. ಕಣ್ಣೆದುರಿಗೇ ನನ್ನ ಬೆಂಚು! ಬಾಣಲೆಯಲ್ಲಿ ಭಜಿ ಮಗ್ಗುಲು ಬದಲಿಸುವುದೂ ಕಾಣುತ್ತಿತ್ತು.

"ನಮ್ಮ ಮನಿಯಾಕಿ ದಿನಾ ಎಲ್ಲಿ ಕೂಡ್ತಾಳ?" ಎಂದು ಕೇಳಿದೆ.

"ನೀವು ನಿಂತಲ್ಲೇರಿ" ಎಂದಳು ನಾಗಮ್ಮ.

ಅಷ್ಟರಲ್ಲಿ ಹಿಂದಿನಿಂದ ಶಾಂತಾಬಾಯಿಯ ದನಿ ಕೇಳಿತು. ಬೈಗುಳಕ್ಕೆ ತಯಾರಾಗಿಯೇ ತಿರುಗಿದೆ. ಆದರೆ ಅವಳ ಮುಖದಲ್ಲಿ ನಿಜವಾದ ಕಳವಳವಿತ್ತು. "ಯಾಕ್ರೀ, ಇವತ್ತ ಭಜಿ ತಿನ್ನಾಕ ಹೋಗಿಲ್ಲ? ಮೈಯಾಗ ಆರಾಮ ಇಲ್ಲೇನು?"

ನಾಚಿಕೆಯಿಂದ ತಲೆ ತಗ್ಗಿಸಿದರೆ ಅಲ್ಲಿಯೂ ಕುರಡಗಿಯ ಮೇಲೆ ನನ್ನ ಬೂಟಿನ ಗುರುತೇ. ಎಲ್ಲ ಗೊತ್ತಿದ್ದೂ ಇಷ್ಟು ದಿನ ಸುಮ್ಮನೆ ಯಾಕಿದ್ದೆ ಎಂದು ಕೇಳಿದೆ. "ಅಂಗಡಿ ತನಕಾನರ ನಡೀತೀರಲ್ಲ ಅಂತ" ಎಂದಳು.

ಈಗ ನಾನು ಉದ್ಯಾನದ ಕಟ್ಟಾ ಬೆಂಬಲಿಗ. ಭಜಿ ಅಂಗಡಿಯ ಬದಿಗೆ ಮಾತ್ರ ಸಾಲಾಗಿ ದಟ್ಟವಾದ ಗಿಡಗಳನ್ನು ನೆಡಬೇಕೆಂದು, ಸಾರ್ವಜನಿಕರ ನೆರಳಿನ ಹಿತದೃಷ್ಟಿಯಿಂದ, ಒಂದು ಅರ್ಜಿಯನ್ನೂ ಬರೆದಿದ್ದೇನೆ. ಶಾಂತಾಬಾಯಿ ಅದನ್ನು ಪೂರ್ತಿ ಓದಿದಳು.

"ಛಲೋ ಬರದೀರಿ" ಎಂದಳು. "ಗಿಡ ಬೆಳಿಯೂ ತನಕ ನಾ ಅಲ್ಲೇ ಕೂತಿರ್ತೀನಿ."