ಕರಿಯನ ಪಾಲಿಗೆ ಬಂದ ಕಲ್ಲು

ಆಕಾಶದ ಬಗ್ಗೆ ನನಗೆ ಮೊದಲಿನಿಂದಲೂ ಒಳ್ಳೆಯ ಅಭಿಪ್ರಾಯವಿತ್ತು. ಓದಿದ್ದು ಬಿ.ಎಸ್ಸಿ., ಮಾಡುವುದು ಚಾಮರಾಜನಗರದ ಕಚೇರಿಯೊಂದರಲ್ಲಿ ಗುಮಾಸ್ತೆ ಕೆಲಸ. ಆದರೂ ಉಲ್ಕೆ ಬೀಳುವುದನ್ನು ನೋಡಬೇಕೆಂದು ಎಷ್ಟೋ ಚಳಿಗಾಲ ಬೇಗೂರಿನ ನಮ್ಮ ಮನೆಯ ತಾರಸಿಯ ಮೇಲೆ ಕಂಬಳಿ ಹೊದ್ದು ಕೂತು ನೆಗಡಿ ಹಿಡಿಸಿಕೊಂಡವನು ನಾನು. ಬಿದ್ದ ಕಲ್ಲು ಕೈಗೆ ಸಿಗುತ್ತದೆಯೇ ಎಂದು ಯಾರಾದರೂ ಕೇಳಿದರೆ, ಸಮುದ್ರ, ಕಾಡು, ಮರಳುಗಾಡು ಎಲ್ಲ ಬಿಟ್ಟು ಇಲ್ಲಿಗೇ ಬರಲು ಅದಕ್ಕೇನು ಕಂಡಕ್ಟರ್ ಬೇಗೂರಿನ ಟಿಕೆಟ್ ಹರಿದುಕೊಟ್ಟಿದ್ದಾನೆಯೇ ಎಂದು ನಗುತ್ತಿದ್ದೆ. ಈಗ ನಗುವುದಿಲ್ಲ. ಈಗ ಬಸ್ ಸ್ಟ್ಯಾಂಡಿಗೆ ಹೋಗಲೂ ಕೊಡೆ ಬಿಡಿಸುತ್ತೇನೆ. ಅಂಥ ಕಲ್ಲಿಗೆ ಕೊಡೆ ತಡೆಯಾಗುವುದಿಲ್ಲವೆಂದು ಗೊತ್ತು, ಓದಿದ್ದೇನಲ್ಲ. ಆದರೂ ಬಿಡಿಸುತ್ತೇನೆ.

ನಮ್ಮ ಮನೆಯಲ್ಲಿ ಕರಿಯ ಎಂಬ ನಾಯಿಯಿದ್ದ. ಕಾವಲಿಗೆ ಪೂರ್ತಿ ನಾಲಾಯಕ್ಕು. ಅವನಿಗೆ ಬರುತ್ತಿದ್ದ ವಿದ್ಯೆ ಒಂದೇ. ಯಾರು ಕಲ್ಲೆಸೆದರೂ ಓಡಿಹೋಗಿ ಕಚ್ಚಿ ತಂದು, ಎಸೆದವರ ಕಾಲ ಬಳಿ ಇಡುತ್ತಿದ್ದ. ತನ್ನನ್ನು ಓಡಿಸಲೆಂದು ಬೀಸಿದ ಕಲ್ಲನ್ನೂ ಅಷ್ಟೇ ಪ್ರೀತಿಯಿಂದ ಹಿಂದಿರುಗಿಸುತ್ತಿದ್ದ. ಇನ್ನೊಂದು ಚಟವಿತ್ತು. ನಾನು ಕುರ್ಚಿಯಿಂದ ಎದ್ದರೆ ಸಾಕು, ಕಾವು ಆರುವ ಮೊದಲೇ ಅದರ ಮೇಲೆ ಹತ್ತಿ ಮಲಗಿಬಿಡುತ್ತಿದ್ದ.

ಆ ಭಾನುವಾರ ಮಧ್ಯಾಹ್ನ ಹಿತ್ತಲಿನ ದಾಸವಾಳದ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದೆ. ಒಳಗಿನಿಂದ ಹೆಂಡತಿ ಮಂಜುಳ, "ರೀ, ಕಾಫಿ ಆರೋಯ್ತದೆ, ಬನ್ನಿ" ಎಂದಳು. ಮೂರನೆಯ ಕೂಗಿಗೆ ಏಳುವುದು ನನ್ನ ಪದ್ಧತಿ. ಅಂದು ಮೊದಲನೆಯದಕ್ಕೇ ಎದ್ದೆ. ಯಾಕೆ ಎದ್ದೆ ಎಂದು ಇವತ್ತಿಗೂ ಯೋಚಿಸುತ್ತೇನೆ, ಕಾರಣ ಸಿಗುವುದಿಲ್ಲ. ಲೋಟ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಗುಡುಗು, ಅದರ ಹಿಂದೆಯೇ ಹೊಸ ಬಟ್ಟೆ ಹರಿದಂಥ ಸದ್ದು, ಆಮೇಲೆ ಧಡ್. ಹೊರಗೆ ಓಡಿ ಬಂದರೆ ಕುರ್ಚಿ ಎರಡು ಹೋಳಾಗಿತ್ತು. ಮಣ್ಣಿನಲ್ಲಿ ತೆಂಗಿನಕಾಯಿ ಗಾತ್ರದ ಕಪ್ಪು ಕಲ್ಲು, ಪಕ್ಕದಲ್ಲಿ ಕರಿಯ. ಸುಡುತ್ತದೇನೋ ಎಂದು ಅಂಜಿ ಅಂಜಿ ಮುಟ್ಟಿದೆ. ಕಲ್ಲು ತಣ್ಣಗಿತ್ತು. ಕರಿಯನೇ ಬೆಚ್ಚಗಿದ್ದ.

ನಮ್ಮ ಜೊತೆಗೇ ಇರುವ ಸೋದರತ್ತೆ ಪುಟ್ಟತಾಯಮ್ಮ ಬಂದವರೇ ಕಲ್ಲಿಗೆ ಅಡ್ಡಬಿದ್ದರು. "ಶಿವ ನಮ್ ಇತ್ಲಿಗೇ ಬಂದವ್ನೆ ಕಣ್ಲಾ!" ಎಂದು ವಿಭೂತಿ ಬಳಿದರು. ನಾನು ದಾಸವಾಳದ ಬುಡದಲ್ಲಿ ಕರಿಯನಿಗೆ ಗುಂಡಿ ತೋಡತೊಡಗಿದಾಗ ಗುದ್ದಲಿ ಕಿತ್ತುಕೊಂಡರು. "ದೇವ್ರು ಬಂದಿರೋ ಜಾಗ್ದಲ್ಲಿ ನಾಯಿ ಊತಾಕ್ತೀಯೇನ್ಲಾ? ಕೆರೆತಾವ್ಕೆ ತಕ್ಕಂಡೋಗು." ಅವನು ಬೆಳೆದ ಹಿತ್ತಲು ಕಲ್ಲಿನದಾಯಿತು. ಅವನನ್ನು ಹಳೆಯ ಪಂಚೆಯಲ್ಲಿ ಸುತ್ತಿ ಕೆರೆ ಏರಿಗೆ ಹೊತ್ತೊಯ್ದೆ.

ಗುಂಡ್ಲುಪೇಟೆಯಿಂದೆಲ್ಲ ಜನ ಬಂದರು. ಎಲ್ಲರೂ ನನ್ನ ಕೈ ಕುಲುಕಿದರು. "ಯೋಗ ಅಂದ್ರೆ ನಿಂದು ಕಣ್ಲಾ! ಗಡಿ ದಾಟಿ ನಿನ್ ಕೈಲೇ ಒಂದು ಕೇರಳ ಲಾಟ್ರಿ ಎತ್ಸನ, ನಡಿ" ಎಂದ ಪಕ್ಕದ ಮನೆಯ ಮಾದಪ್ಪ. ಕರಿಯ ಸತ್ತನಲ್ಲ ಎಂದೆ. "ನಾಯಿ ತಾನೆ, ಬುಡು" ಎಂದ. ಮಂಜುಳ ಬಂದವರಿಗೆಲ್ಲ ತಾನು ಕಾಫಿಗೆ ಕರೆದ ಕತೆ ಹೇಳಿದಳು. ರಾತ್ರಿ ಮಾತ್ರ ಒಂದು ಮುದ್ದೆ ಹೆಚ್ಚಿಗೆ ಕಟ್ಟಿ, ಅದನ್ನು ನೋಡುತ್ತ ನಿಂತಿದ್ದಳು.

ಚಾಮರಾಜನಗರದ ಕಾಲೇಜೊಂದರ ಪರಿಚಿತ ಮೇಷ್ಟರಿಗೆ ಫೋನ್ ಮಾಡಿದ್ದೆ. ಅವರು ಬಿಡುವು ಮಾಡಿಕೊಂಡು ಬರುವಷ್ಟರಲ್ಲಿ ಮಳೆಗಾಲ ಮುಗಿದಿತ್ತು. ಅಷ್ಟು ದಿನವೂ ಅತ್ತೆ ತಪ್ಪದೆ ಹಾಲು, ಮೊಸರು, ಎಳನೀರಿನ ಅಭಿಷೇಕ ಮಾಡಿದ್ದರು. ಕಲ್ಲು ಕೆಂಪಗೆ ತುಕ್ಕು ಹಿಡಿದು ಪದರು ಪದರಾಗಿತ್ತು. ಮೇಷ್ಟರು ಹಣೆ ಚಚ್ಚಿಕೊಂಡರು. "ಒಳಗೆ ಕಬ್ಬಿಣ ಇದೆ ಅಮ್ಮ, ಹಸಿ ತಾಕಿಸಬಾರದಿತ್ತು. ಒಣಗಿಸಿ ಡಬ್ಬಿಯಲ್ಲಿ ಇಡಬೇಕಿತ್ತು."

"ಒಣಗಿಸಿ ಡಬ್ಬಿಲಿ ಇಡಕೆ ಅದೇನು ಮೆಣಸಿನಕಾಯಾ?" ಎಂದರು ಅತ್ತೆ. ಆದರೆ ಮೇಷ್ಟರು ಕೈಗೆತ್ತಿಕೊಂಡಾಗ ಕಲ್ಲು ಒಡೆದು ಚೂರುಗಳಾಯಿತು. ಅವರು ಒಂದು ಚೂರನ್ನು ಪೊಟ್ಟಣ ಕಟ್ಟಿಕೊಂಡು ಹೋದರು. ಅತ್ತೆ ಬಹಳ ಹೊತ್ತು ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಬಿನ್ನ ಆಗೋಯ್ತು, ಪೂಜೆಗೆ ಬರಕಿಲ್ಲ. ಕೆರೆಗೆ ಬುಟ್ಬುಟ್ಟು ಬಾ, ಮಗ" ಎಂದರು.

ಚೂರುಗಳನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು, ಕೊಡೆ ಬಿಡಿಸಿಕೊಂಡು ಹೊರಟೆ. ದೇವರ ಪಕ್ಕ ಜಾಗ ಸಿಗದ ಕರಿಯ ಹೋದ ದಾರಿಯಲ್ಲೇ ಈಗ ದೇವರೂ ಹೊರಟಿದ್ದ. ಏರಿಯ ಮೇಲೆ ಕರಿಯನ ಗುಂಡಿಯನ್ನು ಹುಲ್ಲು ಮುಚ್ಚಿತ್ತು. ಕೊಡೆ ಪಕ್ಕಕ್ಕಿಟ್ಟು, ಎಲ್ಲಕ್ಕಿಂತ ದೊಡ್ಡ ಚೂರನ್ನು ಸಿಟ್ಟಿನಿಂದ ಎತ್ತರಕ್ಕೆ ಎಸೆದೆ. ಅದು ಮೇಲೇರಿದ್ದನ್ನು ಕಂಡದ್ದೇ, ನಾನೇ ಎಸೆದ ಕಲ್ಲಿಗೆ ಹೆದರಿ, ತಲೆಯ ಮೇಲೆ ಎರಡೂ ಕೈಯಿಟ್ಟುಕೊಂಡು ಕುಕ್ಕರಗಾಲಲ್ಲಿ ಕೂತುಬಿಟ್ಟೆ. ದೂರದಲ್ಲಿ ಎಲ್ಲೋ ನೀರಿಗೆ ಬಿದ್ದ ಸದ್ದಾಯಿತು.

ಬಟ್ಟೆ ಒಗೆಯುತ್ತಿದ್ದವರು ನನ್ನನ್ನೇ ನೋಡುತ್ತಿದ್ದರು. ಏಳಬೇಕಿತ್ತು. ಏಳದೆ, ಕಾಲ ಬಳಿಯ ನೆಲ ನೋಡುತ್ತ, ಇನ್ನೂ ಸ್ವಲ್ಪ ಹೊತ್ತು ಕಾದೆ.