ಕತ್ತರಿ, ಮೈದಾ ಅಂಟು ಮತ್ತು ಓನರ್ ಮಾಮಿ

ಕತ್ತರಿ ಮತ್ತು ಅಂಟು ಒಂದೇ ಮನೆಯಲ್ಲಿದ್ದರೆ ಅಲ್ಲಿ ಏನಾದರೊಂದು ಎಡವಟ್ಟು ಆಗದೆ ಹೋಗುವುದಿಲ್ಲ. ನಮ್ಮ ಮನೆಯಲ್ಲಂತೂ ತಿಂಗಳಿಗೊಂದು ಗ್ಯಾರಂಟಿ. "ಬೇರೆಯವರ ಹೆಂಡ್ತೀರು ಟೀವಿ ನೋಡ್ತಾರೆ, ನಿದ್ದೆ ಮಾಡ್ತಾರೆ, ಯಾರಿಗೂ ತೊಂದರೆ ಇಲ್ಲ. ನೀನು ಕಾಗದ ಕತ್ತರಿಸ್ತೀಯ, ಊರೆಲ್ಲ ತೊಂದರೆ" ಅಂತ ನಮ್ಮೆಜಮಾನರು ಹೇಳುತ್ತಿದ್ದರು. ಸುಳ್ಳಲ್ಲ.

ತೊಂಬತ್ತೆಂಟರಲ್ಲಿ ಇವರಿಗೆ ಗಿಂಡಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ನಾವು ಮೈಸೂರಿನಿಂದ ಮದರಾಸಿಗೆ ಬಂದೆವು. ಮೂರು ತಿಂಗಳು ಬಿಸಿಲಲ್ಲಿ ಅಲೆದ ಮೇಲೆ ವೆಸ್ಟ್ ಮಾಂಬಲಂನಲ್ಲಿ ಮನೆ ಸಿಕ್ಕಿತು. ಕೆಳಗೆ ನಾವು, ಮೇಲೆ ಓನರ್ ಮಾಮಾ, ಮಾಮಿ. ರೈಲ್ವೆ ಸ್ಟೇಷನ್ನಿಗೆ ಐದೇ ನಿಮಿಷ, ಮಗಳ ಸ್ಕೂಲು ಎರಡು ಗಲ್ಲಿ ಆಚೆ. ಎಲ್ಲಕ್ಕಿಂತ ಹೆಚ್ಚಾಗಿ, ಹಿತ್ತಲಲ್ಲಿ ಸಿಹಿನೀರಿನ ಬಾವಿ. ನೀರಿನ ಲಾರಿಗೆ ಕೊಡ ಹಿಡಿದು ನಿಂತವರನ್ನು ಕೇಳಿ, ಆ ಊರಲ್ಲಿ ಸಿಹಿನೀರಿನ ಬಾವಿ ಅಂದರೆ ಏನು ಅಂತ. ಇವರು ಬೆಳಿಗ್ಗೆ ಎದ್ದು ದೇವರಿಗಿಂತ ಮೊದಲು ಆ ಬಾವಿಗೆ ಕೈಮುಗಿಯುತ್ತಿದ್ದರು.

ಆ ಮನೆಯನ್ನು ನನ್ನ ಕತ್ತರಿ ಎಷ್ಟು ಸಲ ಕಳೆಯಲು ಹೊರಟಿತ್ತು ಅನ್ನೋದೇ ಈ ಕಥೆ.

೧. ಬಾವಿಗೆ ಬಿದ್ದ ಗಣಪತಿಗಳು

ಮದುವೆ ಕರೆಯೋಲೆಗಳನ್ನು ನಮ್ಮಲ್ಲಿ ಯಾರೂ ಎಸೆಯುವುದಿಲ್ಲ. ಎಸೆಯೋಣ ಅಂದರೆ ನೆತ್ತಿಯ ಮೇಲೆ ಗಣಪತಿ ಕೂತಿರುತ್ತಾನೆ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿರುತ್ತಾರೆ. ಇಟ್ಟುಕೊಳ್ಳೋಣ ಅಂದರೆ ಎಷ್ಟು ಅಂತ ಇಡೋದು? ನಮ್ಮ ದೇವರ ಗೂಡಿನ ಹಿಂದಿದ್ದ ಕಟ್ಟಿನಲ್ಲಿ ಕೆಲವು ಮದುವೆಗಳ ಮಕ್ಕಳಿಗೇ ಮದುವೆ ವಯಸ್ಸಾಗಿತ್ತು.

ಒಂದು ಮಧ್ಯಾಹ್ನ ಕಟ್ಟು ಬಿಚ್ಚಿದೆ. ಚಿನ್ನದ ಅಂಚು, ಕೆಂಪು ರೇಷ್ಮೆಯಂಥ ಕಾಗದ, ಉಬ್ಬು ಹೂವು. ಅಯ್ಯೋ, ಇದನ್ನೆಲ್ಲ ಧೂಳು ತಿನ್ನೋಕೆ ಬಿಡ್ತಾರಾ? ಕತ್ತರಿಸಿ, ಮೈದಾ ಅಂಟು ಕಾಯಿಸಿ, ಶುಭಾಶಯದ ಕಾರ್ಡು ಮಾಡಿದೆ, ಉಡುಗೊರೆಗೆ ಕಟ್ಟುವ ಚೀಟಿ ಮಾಡಿದೆ. ನಮ್ಮ ಬೀದಿಯಲ್ಲಿ ನನಗೊಂದು ಹೆಸರೂ ಬಂತು.

ಹೂವು, ಅಂಚು ಎಲ್ಲ ಖರ್ಚಾದವು. ಉಳಿದವನು ಗಣಪತಿ. ಒಂದು ಬಿಸ್ಕತ್ತಿನ ಡಬ್ಬದ ತುಂಬ ಗಣಪತಿಗಳು. ಕಸಕ್ಕೆ ಹಾಕೋ ಹಾಗಿಲ್ಲ. ಚೌತಿಯ ಮೂರನೇ ದಿನ ಮಾಮಿ ಮಣ್ಣಿನ ಗಣಪತಿಯನ್ನು ಬಾವಿಗೆ ಬಿಡೋದು ನೋಡಿದೆ. ಸರಿ, ಜೊತೆಗೆ ಇವರೂ ಹೋಗಲಿ ಅಂತ ಮಾಮಿ ಮೇಲೆ ಹತ್ತಿದ ಮೇಲೆ ಡಬ್ಬ ಬಗ್ಗಿಸಿದೆ. ಕೈಮುಗಿದೇ ಬಗ್ಗಿಸಿದ್ದು.

ನಾಲ್ಕನೇ ದಿನ ಮೋಟರು ಓಡುತ್ತಿದೆ, ನೀರು ಬರುತ್ತಿಲ್ಲ. ಪ್ಲಂಬರ್ ಬಂದು ಬಾವಿಯೊಳಗಿನ ಪೈಪನ್ನು ಎಳೆದು ತೆಗೆದ. ಪೈಪಿನ ತುದಿಯ ಜಾಲರಿಗೆ ನನ್ನ ಗಣಪತಿಗಳು ಒಬ್ಬರ ಮೇಲೊಬ್ಬರು ಅಂಟಿಕೊಂಡು ಕೂತಿದ್ದರು. ಅವನು ಚಪ್ಪಲಿ ಬಿಟ್ಟು ಬಂದು ಕೈಮುಗಿದ. ಆಮೇಲೆ ಮಾಮಿಯ ಕಡೆ ತಿರುಗಿ, "ಅಮ್ಮಾ, ಅಡ್ಡಿ ತೆಗೆಯೋ ಸಾಮಿಯೇ ಅಡ್ಡ ಕೂತರೆ ನಾನು ಏನು ಸ್ಪ್ಯಾನರ್ ಹಾಕಲಿ?" ಅಂದ.

ಮಾಮಿ ನನ್ನ ಕಡೆ ತಿರುಗಿದರು. ಅವರ ತಮಿಳನ್ನು ಕನ್ನಡದಲ್ಲೇ ಹೇಳುತ್ತೇನೆ. "ನೋಡಮ್ಮಾ, ಇನ್ನೊಂದೇ ಒಂದು ಸಲ ನಿನ್ನ ಕಾಗದದಿಂದ ಈ ಮನೆಯಲ್ಲಿ ತೊಂದರೆ ಆದರೆ, ಮನೆ ಖಾಲಿ ಮಾಡಿಬಿಡಿ."

ಇವರು ಆ ದಿನ ಊಟ ಮಾಡಲಿಲ್ಲ. ಮಾರನೆಯ ದಿನ ಬಾವಿಯ ಹತ್ತಿರ ಹೋಗಿ ಕ್ಷಮಾಪಣೆ ಕೇಳಿದರು ಅಂತ ನನ್ನ ಅನುಮಾನ.

೨. ಬೇಡ ಅಂದ ಕುಕ್ಕರು

ಇವರ ಆಫೀಸಿನ ದೊಡ್ಡ ಸಾಹೇಬರ ಮನೆ ಗೃಹಪ್ರವೇಶ. ನಾವು ಒಂದು ಕುಕ್ಕರ್ ತೆಗೆದುಕೊಂಡೆವು. ನಾನು ಹಳೇ ಕರೆಯೋಲೆಯ ಒಂದು ದಪ್ಪ ತುಂಡನ್ನು ಮಡಿಚಿ, ಮೇಲೊಂದು ಮಾವಿನೆಲೆ ಅಂಟಿಸಿ, ಚೀಟಿ ಮಾಡಿ ಕಟ್ಟಿದೆ. ಒಳಗೆ ಏನಿದೆ ಅಂತ ನೋಡಬೇಕಿತ್ತು. ನೋಡಲಿಲ್ಲ.

ಕರೆಯೋಲೆಗಳ ಕೆಳಗೆ ಇಂಗ್ಲಿಷಿನಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು ಇರುತ್ತದಲ್ಲ, 'ದಯವಿಟ್ಟು ಉಡುಗೊರೆ ಬೇಡ' ಅಂತ? ಅದೇ ಸಾಲು ಚೀಟಿಯ ಒಳಗೆ ಕೂತಿತ್ತು.

ಮಾರನೆಯ ದಿನ ಕುಕ್ಕರು ಇವರ ಮೇಜಿನ ಮೇಲಿತ್ತು. ಸಾಹೇಬರು ಇವರ ಬೆನ್ನು ತಟ್ಟಿ, "ಕೈಕೆಳಗಿನವರ ಹತ್ತಿರ ಉಡುಗೊರೆ ತಗೋಬಾರದು ಅಂತ ನಮ್ಮಲ್ಲಿ ರೂಲ್ ಇದೆ. ಅದನ್ನ ಉಡುಗೊರೆ ಮೇಲೇ ಬರೆದು ನನಗೆ ನೆನಪು ಮಾಡಿದವರು ನೀವೊಬ್ಬರೇ" ಅಂದರಂತೆ. ಹೊಗಳಿದರೋ ಉಗಿದರೋ ಇವರಿಗೆ ಇವತ್ತಿಗೂ ಗೊತ್ತಾಗಿಲ್ಲ.

ಆ ಕುಕ್ಕರಿನಲ್ಲೇ ನಾನು ಬೇಳೆ ಬೇಯಿಸುತ್ತೇನೆ. ಅದು ಕೂಗಿದಾಗಲೆಲ್ಲ ಇವರು ಕುರ್ಚಿಯಿಂದ ಎದ್ದು ನಿಲ್ಲುತ್ತಾರೆ.

೩. ಇಂಪೋರ್ಟೆಡ್ ಪೇಪರ್

ಕ್ರೋಂಪೇಟೆಯಿಂದ ಬರುತ್ತಿದ್ದ ಇವರ ಸಹೋದ್ಯೋಗಿಯೊಬ್ಬರು ನನ್ನ ಹುಚ್ಚು ಕೇಳಿ ಒಂದು ಚೀಲ ತುಂಡುಗಳನ್ನು ಕಳಿಸಿದರು. ತೆಳ್ಳಗೆ, ಮೆತ್ತಗೆ, ಕಂದು ಬಣ್ಣ. ಕತ್ತರಿಸಿದರೆ ಅಂಚು ಏಳುವುದಿಲ್ಲ, ಒದ್ದೆಯಾದರೆ ಹರಿಯುವುದಿಲ್ಲ. ಆಹಾ, ಕಾಗದ ಅಂದರೆ ಇದು ಅಂತ ನವರಾತ್ರಿಗೆ ಮಾಮಿಗೆ ಕೊಟ್ಟ ಬಟ್ಟಲಿಗೆ ಅದರದೇ ಒಂದು ಚೀಟಿ ಕಟ್ಟಿದೆ.

ಮಾಮಿಗೆ ಬಟ್ಟಲಿಗಿಂತ ಚೀಟಿ ಹಿಡಿಸಿತು. "ಇದೇನು ಪೇಪರಮ್ಮಾ, ಇಷ್ಟು ಮೃದು?"

"ಇಂಪೋರ್ಟೆಡ್ ಮಾಮಿ."

ಸಂಜೆ ಉಳಿದ ತುಂಡನ್ನು ಇವರಿಗೆ ತೋರಿಸಿದೆ. ಇವರು ಮೂಸಿ ನೋಡಿ, ನನ್ನ ಮುಖ ನೋಡಿ, ಬಾಗಿಲು ಹಾಕಿ ಬಂದರು. "ಕಣೇ, ಇದು ಕಾಗದ ಅಲ್ಲ. ಕುರಿ ತೊಗಲು. ಕ್ರೋಂಪೇಟೆಯಲ್ಲಿ ಚರ್ಮ ಹದ ಮಾಡೋ ಕಾರ್ಖಾನೆಗಳಿವೆ ಅಂತ ಗೊತ್ತಿಲ್ವಾ ನಿನಗೆ?"

ಮಾಮಿ ಈರುಳ್ಳಿಯನ್ನೂ ಮನೆಯೊಳಗೆ ಸೇರಿಸದ ಜನ. ಬಾಯಿ ಬಿಟ್ಟರೆ ಮನೆ ಹೋಯಿತು, ಬಾವಿ ಹೋಯಿತು. ಚೀಟಿಯನ್ನು ಹೇಗಾದರೂ ವಾಪಸು ತರೋಣ ಅಂತ ಮೇಲೆ ಹತ್ತಿದೆ. ಮಾಮಿ ಅದನ್ನು ತಮ್ಮ ಸ್ತೋತ್ರದ ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಂಡಿದ್ದರು. ನನ್ನೆದುರಿಗೇ ತೆಗೆದು ಎರಡು ಕಣ್ಣಿಗೂ ಒತ್ತಿಕೊಂಡರು.

ನಾನು ಇಳಿದು ಬಂದೆ. ಮೂರು ವರ್ಷ ಅದು ಅಲ್ಲೇ ಇತ್ತು, ದಿನಾ ಬೆಳಿಗ್ಗೆ ಸ್ತೋತ್ರ ಕೇಳುತ್ತಾ. ಆ ಕುರಿಗೆ ಇಂಥ ಸದ್ಗತಿ ಸಿಗುತ್ತದೆ ಅಂತ ಅದರ ಹೆತ್ತ ತಾಯಿಯೂ ಅಂದುಕೊಂಡಿರಲಿಕ್ಕಿಲ್ಲ.

೪. ಮಾಮಾ ಅರವತ್ತು

ಈಗ ದೊಡ್ಡದು.

ಮಾಮಾಗೆ ಅರವತ್ತು ತುಂಬಿತು. ಷಷ್ಟಿಪೂರ್ತಿ ಅಂದರೆ ಗೊತ್ತಲ್ಲ, ಗಂಡ ಹೆಂಡತಿಗೆ ಮತ್ತೆ ಮದುವೆ, ಮತ್ತೆ ತಾಳಿ, ಮತ್ತೆ ಊಟ. ಅದರ ಮುಂದಿನ ತಿಂಗಳೇ ನಮ್ಮ ಬಾಡಿಗೆ ಕರಾರು ಮುಗಿಯುತ್ತಿತ್ತು. ಮಾಮಿಯ ಅಣ್ಣನ ಮಗನಿಗೆ ಮದುವೆ ಗೊತ್ತಾಗಿದೆ, ಅವನಿಗೆ ನಮ್ಮ ಮನೆಯ ಮೇಲೆ ಕಣ್ಣು ಅಂತ ಕೆಲಸದವಳು ಸುದ್ದಿ ತಂದಳು. ಮಾಮಿಯನ್ನು ಕೇಳಿದರೆ, "ಮಾಮಾ ಅರವತ್ತು ಆಗಲಿ, ಆಮೇಲೆ ಹೇಳ್ತೀನಿ" ಅಂದರು. ಆ ಒಂದು ತಿಂಗಳು ಮಾಮಿಯ ಮುಖದಲ್ಲಿ ಕಳೆಯೇ ಇರಲಿಲ್ಲ. ನಮ್ಮನ್ನು ಬಿಡಿಸೋಕೆ ಸಂಕೋಚ ಪಡುತ್ತಿದ್ದಾರೆ ಅಂತ ನಾವು ತಿಳಿದೆವು.

ಇವರು ಕೈಮುಗಿದು ಹೇಳಿದರು: "ಈ ಸಲ ಅಂಗಡಿ ಕಾರ್ಡು ಕೊಡೋಣ. ನಿನ್ನ ದಮ್ಮಯ್ಯ."

ನಾನು ಕೇಳ್ತೀನಾ? ಇಂಥ ಕಾರ್ಡು ಮಾಡ್ತೀನಿ, ನೋಡಿದ ಮಾಮಿ ಮನೆಯನ್ನೇ ಬರೆದು ಕೊಡಬೇಕು ಅಂತ ಕೂತೆ. ನಮ್ಮ ಗಲ್ಲಿಯ ಪ್ರಿಂಟಿಂಗ್ ಪ್ರೆಸ್ಸಿನವರು ಕತ್ತರಿಸಿ ಉಳಿದ ಅಂಚುಗಳನ್ನೂ ಕೆಟ್ಟ ಪ್ರಿಂಟುಗಳನ್ನೂ ನನಗೆ ಎತ್ತಿಡುತ್ತಿದ್ದರು. ಅದರಲ್ಲೊಂದು ಕೆನೆ ಬಣ್ಣದ ಕಾರ್ಡು. ಮೇಲೆ ಕಾಫಿಪುಡಿ ಬಣ್ಣದ ತಮಿಳು ಅಕ್ಷರಗಳು, ಜಿಲೇಬಿ ಬಿಟ್ಟ ಹಾಗೆ ದುಂಡು ದುಂಡು. ನನಗೆ ತಮಿಳು ಮಾತಾಡೋಕೆ ಬರುತ್ತಿತ್ತು, ಓದೋಕೆ ಒಂದಕ್ಷರ ಬರುತ್ತಿರಲಿಲ್ಲ. ಇವರಿಗೂ ಅಷ್ಟೇ. ಇಷ್ಟು ಚೆಂದದ ಅಕ್ಷರದಲ್ಲಿ ಒಳ್ಳೆಯದನ್ನಲ್ಲದೆ ಇನ್ನೇನು ಬರೆದಿರುತ್ತಾರೆ? ಮಗಳು ಮಲಗಿದ ಮೇಲೆ ಒಂದು ಸಾಲನ್ನು ಉದ್ದಕ್ಕೆ ಕತ್ತರಿಸಿ, ಸುತ್ತ ಚಿನ್ನದ ಅಂಚು ಕೊಟ್ಟು, ಕಾರ್ಡಿನ ನಟ್ಟನಡುವೆ ಅಂಟಿಸಿದೆ. ಅದರ ಕೆಳಗೆ ಇಂಗ್ಲಿಷಿನಲ್ಲಿ ಮಾಮಾ ಹೆಸರು.

ಛತ್ರದಲ್ಲಿ ಇನ್ನೂರು ಜನ. ಮುಂದಿನ ಸಾಲಿನಲ್ಲಿ ಮಾಮಾನ ಅಣ್ಣ. ಅವರಿಗೂ ಮಾಮಿಗೂ ಎಣ್ಣೆ ಸೀಗೇಕಾಯಿ. ಬೆಳಗಿನ ತಿಂಡಿಯನ್ನು ಎರಡು ಪಂಕ್ತಿಯಲ್ಲಿ ಕೂತು ತಿಂದು, ಪೊಂಗಲಿಗೆ ತುಪ್ಪ ಕಮ್ಮಿ ಅಂತ ಅವರು ಸಾರುತ್ತಿದ್ದರು.

ತಾಳಿ ಕಟ್ಟಿ ಆಯಿತು. ನಾವು ಮೂವರೂ ವೇದಿಕೆ ಹತ್ತಿದೆವು. ಮಾಮಾ ಕಾರ್ಡು ತಿರುಗಿಸಿ ಮುರುಗಿಸಿ ನೋಡಿ, "ಆಹಾ! ತಮಿಳಲ್ಲೇ ಮಾಡಿದ್ದೀಯಲ್ಲಮ್ಮಾ! ಕನ್ನಡಕ ಮನೇಲಿದೆ. ಪಾಪಾ, ನೀ ಓದು" ಅಂತ ನನ್ನ ಮಗಳ ಕೈಗೆ ಕೊಟ್ಟರು. ಮೈಕು ಪಕ್ಕದಲ್ಲೇ ಇತ್ತು.

ಮಗಳು ಆ ವರ್ಷ ತಾನೇ ಸ್ಕೂಲಲ್ಲಿ ತಮಿಳು ಕಲಿಯಲು ಶುರು ಮಾಡಿದ್ದಳು. ಬಸ್ಸಿನ ಬೋರ್ಡು, ಗೋಡೆ, ಪೋಸ್ಟರು ಏನು ಕಂಡರೂ ಕೂಗಿ ಓದುವ ವಯಸ್ಸು. ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು, ಮೈಕಿಗೆ ಬಾಯಿ ಕೊಟ್ಟು, ಅಕ್ಷರ ಅಕ್ಷರವಾಗಿ ಓದಿದಳು. "ಇ... ರೈ... ವ... ನ... ಡಿ... ಸೇರ್ಂದಾರ್."

ದೇವರ ಪಾದ ಸೇರಿದರು. ಅಂದರೆ ಸತ್ತರು. ಅದು ಯಾರದೋ ಹದಿಮೂರನೇ ದಿನದ ಕಾಗದ.

ಅದು ಸಾಲದು ಅಂತ ಮಗಳು ಕೆಳಗಿದ್ದ ಮಾಮಾ ಹೆಸರನ್ನೂ ಜೋಡಿಸಿ, ಒಟ್ಟಾಗಿ, ಖುಷಿಯಿಂದ ಇನ್ನೊಂದು ಸಲ ಓದಿದಳು.

ನಾಗಸ್ವರದವರು ಬಾಯಿಂದ ವಾದ್ಯ ತೆಗೆದರು. ಯಾರದೋ ಕೈಯಿಂದ ಲೋಟ ಬಿತ್ತು. ಆಗ ಮಾತಾಡಿದ್ದು ಮಾಮಾನ ಅಣ್ಣ ಒಬ್ಬರೇ. "ಇದನ್ನ ಊಟ ಆದಮೇಲೆ ಓದಿಸಬಹುದಿತ್ತು" ಅಂದರು.

ಮಾಮಿ ಕಾರ್ಡು ಕಸಿದುಕೊಂಡು ನೋಡಿದರು. ನೋಡಿ, ಹಾಗೇ ಮಣೆಯ ಮೇಲೆ ಕುಸಿದು ಗೊಳೋ ಅಂತ ಅತ್ತರು. ಹೋಯಿತು, ಇವತ್ತೇ ಲಾರಿ ತರಿಸಿ ಸಾಮಾನು ಏರಿಸೋದು ಅಂತ ನಾನು ಲೆಕ್ಕ ಹಾಕಿದೆ.

ಮಾಮಿ ಅಳುತ್ತಲೇ ಪುರೋಹಿತರಿಗೆ ಹೇಳಿದರು: "ಹೋದ ತಿಂಗಳು ಮಹಡಿ ಮೇಲೆ ಅನ್ನ ಇಡೋವಾಗ ಕಾಗೆ ನಮ್ಮವರ ತಲೆ ಕುಕ್ಕಿತು. ಯಾರಿಗೂ ಹೇಳಲಿಲ್ಲ."

ಕಾಗೆ ತಲೆ ಮುಟ್ಟಿದರೆ ಸಾವಿನ ಸೂಚನೆ ಅಂತ ನಮ್ಮಲ್ಲೂ ಇದೆ, ಅವರಲ್ಲೂ ಇದೆ. ಪರಿಹಾರವೂ ಒಂದೇ. ಆ ಮನುಷ್ಯ ಸತ್ತ ಅಂತ ಬಂಧು ಬಳಗಕ್ಕೆ ಸುಳ್ಳು ಸುದ್ದಿ ಕಳಿಸಬೇಕು, ಮನೆಯವರಲ್ಲದವರು ಯಾರಾದರೂ ಕೇಳಿ ಅಳಬೇಕು, ಆಗ ದೋಷ ಕಳೆಯುತ್ತದೆ. ಮಾಮಿಯ ಪಾಡು ನೋಡಿ. ಅರವತ್ತರ ಸಮಾರಂಭಕ್ಕೆ ಬನ್ನಿ ಅಂತ ಕರೆದ ಜನರಿಗೇ ಆಸಾಮಿ ಹೋದ ಅಂತ ಹೇಗೆ ಬರೆಯೋದು? ಆ ಒಂದು ತಿಂಗಳು ಮುಖ ಬಾಡಿದ್ದು ಅದಕ್ಕೆ. ನಮ್ಮ ಮನೆಯ ಯೋಚನೆ ಅವರಿಗೆ ಬಂದೇ ಇರಲಿಲ್ಲ.

ಪುರೋಹಿತರು ಕಾರ್ಡು ತೆಗೆದುಕೊಂಡು ಎರಡು ಸಲ ಓದಿದರು. "ಅಮ್ಮಾ, ಯಾಕೆ ಅಳ್ತೀರಿ? ಸುಳ್ಳು ಸುದ್ದಿ ಮೈಕಿನಲ್ಲಿ ಹೋಯ್ತು. ಇನ್ನೂರು ಜನ ಕೇಳಿದ್ದಾರೆ. ಒಂದೇ ಪ್ರಶ್ನೆ. ಮನೆಯವರಲ್ಲದೆ ಹೊರಗಿನವರು ಯಾರಾದರೂ ಅತ್ತರಾ?"

ಎಲ್ಲರೂ ಸುತ್ತ ನೋಡಿದರು. ನಾನೂ ತಿರುಗಿದೆ. ನನ್ನ ಹಿಂದೆ ನಮ್ಮೆಜಮಾನರು ಕರ್ಚೀಫು ಮುಖಕ್ಕೆ ಹಿಡಿದು ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

"ಸಂಪೂರ್ಣಂ!" ಅಂದರು ಪುರೋಹಿತರು. "ದೋಷ ಹೋಯ್ತು. ಊದಿರಪ್ಪಾ!" ನಾಗಸ್ವರ ಮತ್ತೆ ಶುರುವಾಯಿತು. ಮಾಮಾ ಎದ್ದು ಬಂದು ಇವರನ್ನು ತಬ್ಬಿಕೊಂಡು, "ನನ್ನ ಮೇಲೆ ಇಷ್ಟು ಪ್ರೀತಿ ಅಂತ ಗೊತ್ತೇ ಇರಲಿಲ್ಲ" ಅಂದರು. ಆ ಕಣ್ಣೀರು ಸಿಹಿನೀರಿನ ಬಾವಿಗಾಗಿ ಅಂತ ನನಗೊಬ್ಬಳಿಗೇ ಗೊತ್ತಿತ್ತು.

ಮಾಮಿ ನನ್ನ ಕೈ ಹಿಡಿದುಕೊಂಡು, "ನನ್ನ ತಾಳಿ ಉಳಿಸಿದವಳು ನೀನು. ನಾನಿರೋವರೆಗೂ ಆ ಮನೆ ಬಿಡೋ ಮಾತು ಎತ್ತಬೇಡ" ಅಂದರು. ಮಾಮಿಯ ಅಣ್ಣನ ಮಗ ಬೇರೆ ಮನೆ ನೋಡಿಕೊಂಡ.

ಅಲ್ಲಿಂದ ಮುಂದೆ ಪ್ರತಿ ವರ್ಷ ಮಾಮಾ ಹುಟ್ಟುಹಬ್ಬಕ್ಕೆ ಒಂದು ಸಾವಿನ ಕಾರ್ಡು ಮಾಡಿಕೊಡೋದು ನನ್ನ ಕೆಲಸವಾಯಿತು. ಪ್ರೆಸ್ಸಿನವರು ಅಂಥ ಕಾಗದ ಬಂದರೆ ನನಗೇ ಅಂತ ಬೇರೆ ತೆಗೆದಿಡುತ್ತಿದ್ದರು. ಮಗಳು ಓದುತ್ತಿದ್ದಳು, ಇವರು ಕರಾರಿನ ಮುಖ ನೋಡಿಕೊಂಡು ನಾಲ್ಕು ಹನಿ ಕಣ್ಣೀರು ಹಾಕುತ್ತಿದ್ದರು, ಆಮೇಲೆ ಎಲ್ಲರಿಗೂ ಪಾಯಸ. ಮಾಮಾ ವರ್ಷದಿಂದ ವರ್ಷಕ್ಕೆ ಗುಂಡುಕಲ್ಲಿನ ಹಾಗಾದರು. ಬೀದಿಯ ಬೇರೆ ಮಾಮಿಯರೂ ಬಂದು, "ನಮ್ಮವರಿಗೂ ಒಂದು ಮಾಡಿಕೊಡಮ್ಮಾ" ಅನ್ನತೊಡಗಿದರು.

ಒಂದು ದಿನ ಮಾಮಿ ಬಂದು, "ಬರೋ ವಾರ ಮಾಮಾನ ಅಣ್ಣನಿಗೆ ಎಪ್ಪತ್ತು. ಒಂದು ಕಾರ್ಡು ಬೇಕಲ್ಲಮ್ಮಾ" ಅಂದರು.

"ಆಗಲಿ ಮಾಮಿ" ಅಂತ ನಾನು ಸಾವಿನ ಕಾಗದದ ಕಟ್ಟು ಬಿಚ್ಚಲು ಹೋದೆ.

ಮಾಮಿ ನನ್ನ ಕೈ ಹಿಡಿದು ತಡೆದರು. "ಅಯ್ಯೋ, ಅವರಿಗೆ ಅದು ಬೇಡ. ಹೂವು ಅಂಟಿಸಿ, 'ನೂರು ವರ್ಷ ಬಾಳಿ' ಅಂತ ಬರೆದುಬಿಡು. ಅವರಿಗೆ ಅಷ್ಟೇ ಸಾಕು."